ಅಗ್ಗದ ವಾಲ್ವ್ ಆಂಪ್ಲಿಫೈಯರಿನಲ್ಲಿ ತಂಬೂರಿ ಕೇಳುವುದು

ಕೇಳುಗರಿಗೆ ನಮಸ್ಕಾರ. ಹೆಡ್‌ಫೋನಿಗೆಂದೇ ಮಾಡಿದ ಸಣ್ಣ ಹೈಬ್ರಿಡ್ ಆಂಪ್ಲಿಫೈಯರನ್ನು ಈಗ ಬೆಳಗಾವಿ, ವಿಜಯಪುರದಲ್ಲೂ ಸಂಗೀತದ ಹುಚ್ಚಿನವರು ತರಿಸಿಕೊಳ್ಳುತ್ತಿದ್ದಾರೆ. ಅಂಗೈಯಗಲದ ಪೆಟ್ಟಿಗೆ, ಮೇಲೊಂದು 12ಎಯು7 ವಾಲ್ವ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ನಳಿಗೆ), ಬಿಸಿ ಹೊರಹಾಕಲು ಎರಡು ಹೀಟ್‌ಸಿಂಕ್, 24 ವೋಲ್ಟಿನ ಅಡಾಪ್ಟರ್. ವೋಲ್ಟೇಜ್ ಹೆಚ್ಚಿಸುವ ಕೆಲಸ ವಾಲ್ವಿನದು, ಹೆಡ್‌ಫೋನಿಗೆ ಕರೆಂಟ್ ಒದಗಿಸುವುದು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್; ಎರಡೂ ಕೂಡಿದ್ದರಿಂದ ಇದು ಹೈಬ್ರಿಡ್. ವಾಲ್ವಿನ ಕೆಳಗೆ ಕಿತ್ತಳೆ ಬಣ್ಣದ ಬೆಳಕು ಕಂಡರೆ ಅದು ಬಹುತೇಕ ಎಲ್‌ಇಡಿ. ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ, ಅಂದರೆ ಹೀಟರ್, ಅಷ್ಟು ಉರಿಯುವುದಿಲ್ಲ.

ಇದರ ದನಿ ತಿಳಿಯಲು ಕುಮಾರ ಗಂಧರ್ವರ ಧ್ವನಿಮುದ್ರಣ ಹಚ್ಚಿರಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರ ಗಾಯನದಲ್ಲಿ ತುಣುಕು ತುಣುಕಾದ ಆಲಾಪದ ನಡುವೆ ತಂಬೂರಿ ಒಂದೇ ಉಳಿಯುವ ಗಳಿಗೆಗಳಿವೆ. ಆಗ ತಂತಿಯ ಝೇಂಕಾರ ತುಸು ಮೈತುಂಬಿಕೊಂಡು ಕೇಳುತ್ತದೆ. ಕಾರಣ ಸರಳ: 12ಎಯು7 ನೂರು, ಇನ್ನೂರೈವತ್ತು ವೋಲ್ಟಿನಲ್ಲಿ ದುಡಿಯಲು ಮಾಡಿದ ವಾಲ್ವ್. 24 ವೋಲ್ಟಿನಲ್ಲಿ ಅದು ಎರಡನೆಯ ಹಾರ್ಮಾನಿಕನ್ನು, ಅಂದರೆ ಮೂಲ ಸ್ವರದ ಎರಡರಷ್ಟು ಕಂಪನದ ಸ್ವರವನ್ನು, ಹೆಚ್ಚಾಗಿ ಹುಟ್ಟಿಸುತ್ತದೆ. ಮಧ್ಯ ಷಡ್ಜ ಹಾಡಿದಾಗ ಸಣ್ಣ ದನಿಯಲ್ಲಿ ತಾರ ಷಡ್ಜವೂ ಬೆರೆಯುತ್ತದೆ. ಅದು ಶ್ರುತಿಯೊಳಗೇ ಇರುವುದರಿಂದ ಕಿವಿಗೆ ಹಿತ.

ಆದರೆ ದ್ರುತ್ ಲಯದಲ್ಲಿ ತಬಲಾ, ಹಾರ್ಮೋನಿಯಂ, ಗಾಯನ ಒಟ್ಟಿಗೆ ಬಂದಾಗ ಇದೇ ಗುಣ ತೊಂದರೆ ಕೊಡುತ್ತದೆ. ಎರಡು ಸ್ವರಗಳ ಕಂಪನಗಳು ಕೂಡಿ, ಕಳೆದು, ಹಾಡಿನಲ್ಲಿಲ್ಲದ ಸ್ವರಗಳು ಹುಟ್ಟುತ್ತವೆ. ಡಗ್ಗಾದ ಪೆಟ್ಟು ಮಬ್ಬಾಗುತ್ತದೆ. ಒಬ್ಬರ ಗಾಯನಕ್ಕೆ, ಸಿತಾರಿಗೆ ಇದು ಒಪ್ಪುತ್ತದೆ. ವಾದ್ಯಗೋಷ್ಠಿಗೆ ವಾಲ್ವಿಲ್ಲದ, ಚಿಪ್ಪಿನ ಸಾಧಾರಣ ಐಸಿ ಆಂಪ್ಲಿಫೈಯರೇ ಮೇಲು. ಎರಡನ್ನೂ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ, ಏಕೆಂದರೆ ಜೋರಾಗಿದ್ದದ್ದೇ ಚೆಂದ ಅನ್ನಿಸುತ್ತದೆ.

ಬಾಸ್, ಅಂದರೆ ತಗ್ಗಿನ ದನಿ, ತೆಳುವಾಗಿದ್ದರೆ ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿರುವ ಔಟ್‌ಪುಟ್ ಕೆಪಾಸಿಟರ್ ನೋಡಿ. 32 ಓಮ್ ಹೆಡ್‌ಫೋನಿಗೆ 100 ಮೈಕ್ರೊಫ್ಯಾರಡ್ ಹಾಕಿದ್ದರೆ ಸುಮಾರು 50 ಹರ್ಟ್ಸ್‌ನಿಂದಲೇ ಬಾಸ್ ಇಳಿಯುತ್ತದೆ. 470 ಹಾಕಿದರೆ ಆ ಮಿತಿ 11 ಹರ್ಟ್ಸ್ ಹತ್ತಿರಕ್ಕೆ ಹೋಗುತ್ತದೆ. 300 ಓಮಿನದಕ್ಕೆ 100 ಸಾಕು. ಸ್ವಿಚ್ ಹಾಕಿದಾಗ ಬರುವ ಧಡ್ ಶಬ್ದವೂ ಈ ಕೆಪಾಸಿಟರ್ ತುಂಬುವಾಗಿನದೇ, ಆದ್ದರಿಂದ ಮೊದಲ ಒಂದು ನಿಮಿಷ ಹೆಡ್‌ಫೋನ್ ಕಿವಿಗೆ ಬೇಡ.

ಗುಂಯ್ ಅನ್ನುತ್ತಿದೆಯೆ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಶಬ್ದ ನಿಂತರೆ ಅದು ಅರ್ಥಿಂಗಿನ ಸುತ್ತು (ಗ್ರೌಂಡ್ ಲೂಪ್), ವಾಲ್ವಿನ ತಪ್ಪಲ್ಲ.

ವಾಲ್ವ್ ಬದಲಿಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. 6ಡಿಜೆ8 ವಾಲ್ವಿಗೂ ಒಂಬತ್ತೇ ಪಿನ್, ಅದೇ ಸಾಕೆಟಿನಲ್ಲಿ ಕೂಡುತ್ತದೆ. ಆದರೆ ಅದರ ಹೀಟರ್ 6.3 ವೋಲ್ಟಿನದು, 12.6 ಕೊಡುವ ಸಾಕೆಟಿನಲ್ಲಿ ಸುಟ್ಟುಹೋಗುತ್ತದೆ. 12ಎಎಕ್ಸ್7 ಸುಡುವುದಿಲ್ಲ, ಆದರೆ ಅದರ ಗೇನ್, ಅಂದರೆ ದನಿ ಹಿಗ್ಗಿಸುವ ಶಕ್ತಿ, 12ಎಯು7ಗಿಂತ ಸುಮಾರು ಐದು ಪಟ್ಟು. ಹಿಸ್ ಎನ್ನುವ ಸದ್ದು ಏರುತ್ತದೆ, ಇಷ್ಟು ಕಡಿಮೆ ವೋಲ್ಟಿನಲ್ಲಿ ಸರಿಯಾಗಿ ದುಡಿಯುವುದೂ ಇಲ್ಲ.

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ. ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ.

ಒಂದು ಕಿವಿಯಲ್ಲಿ ಮಾತ್ರ ದನಿ ಕರಕರ ಎಂದರೆ ಮೊದಲು ಪವರ್ ತೆಗೆದು, ವಾಲ್ವ್ ಆರಿದ ಮೇಲೆ ಪಿನ್ ಒರೆಸಿ ಕೂರಿಸಿ. ಆಗಲೂ ಹೋಗದಿದ್ದರೆ ಮತ್ತೆ ಪವರ್ ಹಾಕಿ, ವಾಲ್ವಿನ 1 ಮತ್ತು 6ನೇ ಪಿನ್ನಿನಲ್ಲಿ ಒಂದೊಂದಾಗಿ ಮಲ್ಟಿಮೀಟರ್ ಇಟ್ಟು ಪ್ಲೇಟ್ (ವಾಲ್ವಿನಿಂದ ದನಿ ಹೊರಬರುವ ತುದಿ) ವೋಲ್ಟೇಜ್ ನೋಡಿ. ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಗುಂಡಿ) ಇರುವ ಬೋರ್ಡಿನಲ್ಲಿ ಅದನ್ನು ಮೆಲ್ಲಗೆ ತಿರುಗಿಸಿ ಎರಡೂ ಕಡೆ 24ರ ಅರ್ಧ, 12 ವೋಲ್ಟಿನ ಹತ್ತಿರಕ್ಕೆ ತನ್ನಿ. ಆಗ ದನಿಯ ಅಲೆಗೆ ಮೇಲೂ ಕೆಳಗೂ ಸಮವಾಗಿ ಆಡಲು ಜಾಗ ಸಿಗುತ್ತದೆ. ಅಳೆಯುವ ಮೊದಲು ವಾಲ್ವ್ ಹದಿನೈದು ನಿಮಿಷ ಉರಿದು ಬಿಸಿಯಾಗಿರಲಿ, ತಣ್ಣಗಿದ್ದಾಗಿನ ಅಳತೆ ನಿಲ್ಲುವುದಿಲ್ಲ.