ಬೆರಳಿನ ಶಾಯಿ ಅಳಿಯುವುದರೊಳಗೆ

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ನಾನು ಪ್ರತಿ ವರ್ಷವೂ ಹೊಸ ವಿದ್ಯಾರ್ಥಿಗಳ ಮುಂದೆ ಒಂದೇ ಪ್ರಶ್ನೆ ಇಡುತ್ತಿದ್ದೆ. ಏಕೀಕರಣವಾದ 1956ರಿಂದ ದೇವರಾಜ ಅರಸರವರೆಗಿನ ಮುಖ್ಯಮಂತ್ರಿಗಳ ಹೆಸರುಗಳನ್ನು ಕ್ರಮವಾಗಿ ಹೇಳಿರಿ ಎಂಬುದು ಆ ಪ್ರಶ್ನೆ. ನಿಜಲಿಂಗಪ್ಪ, ಜತ್ತಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ, ಅರಸು ಎಂದು ಉತ್ತರ ಬರುತ್ತಿತ್ತು. ಜತ್ತಿಯವರಿಗೂ ಎರಡನೆಯ ಸಲದ ನಿಜಲಿಂಗಪ್ಪನವರಿಗೂ ನಡುವೆ ಒಂದು ಹೆಸರು ಬಿಟ್ಟುಹೋಗಿದೆ ಎಂದರೆ ತರಗತಿ ಸುಮ್ಮನಾಗುತ್ತಿತ್ತು. ಹುನಗುಂದದ ಕಡೆಯವರು ಯಾರಾದರೂ ಇದ್ದರೆ ಮಾತ್ರ ಹಿಂದಿನ ಬೆಂಚಿನಿಂದ ‘ಕಂಠಿಯವರು ಸರ್’ ಎಂಬ ದನಿ ಕೇಳುತ್ತಿತ್ತು.

ಶಾಸಕರೊಬ್ಬರ ಏಳುಬೀಳಿನ ಬಗ್ಗೆ ಮಾತನಾಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ಆ ದನಿಯೇ. ಈಗ ಶಾಸಕರ ಪತನವೆಂದರೆ ನಮ್ಮ ಕಣ್ಣ ಮುಂದೆ ಬರುವುದು ರೆಸಾರ್ಟ್ ವಾಸ, ರಾಜೀನಾಮೆ, ಅನರ್ಹತೆ, ನ್ಯಾಯಾಲಯದ ಮೆಟ್ಟಿಲು. 2019ರ ಜುಲೈನಲ್ಲಿ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದಾಗ ಅವರಲ್ಲಿ ಮೂವರು ಬೆಳಗಾವಿ ಜಿಲ್ಲೆಯವರೇ, ಗೋಕಾಕ, ಅಥಣಿ ಮತ್ತು ಕಾಗವಾಡ ಕ್ಷೇತ್ರಗಳವರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಮೂವರೂ ಗೆದ್ದು ಬಂದರು. ಐದು ತಿಂಗಳೂ ತುಂಬದ ಆ ಬೀಳುವಿಕೆಯನ್ನು ಪತನವೆಂದು ಕರೆಯಬೇಕೋ ವಿರಾಮವೆಂದು ಕರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟು, ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ 1962ನೆಯ ಇಸವಿಗೆ ತಮ್ಮನ್ನು ಕರೆದೊಯ್ಯುತ್ತೇನೆ. ಆ ಒಂದೇ ವರ್ಷದಲ್ಲಿ ನಾಲ್ವರು ತಮ್ಮ ತಮ್ಮ ಸ್ಥಾನದಿಂದ ಇಳಿದರು. ನಾಲ್ವರು ಇಳಿದ ಬಗೆಯೂ ಬೇರೆ ಬೇರೆ.

ಮೊದಲನೆಯವರು ಜಮಖಂಡಿಯ ಬಸಪ್ಪ ದಾನಪ್ಪ ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಕೊಲ್ಲಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡುತ್ತಲೇ ಪುರಸಭೆಗೆ ಕಾಲಿಟ್ಟ ಜತ್ತಿಯವರು ಆ ಚಿಕ್ಕ ಸಂಸ್ಥಾನದ ದಿವಾನಗಿರಿಯವರೆಗೂ ಏರಿದರು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಮುಂಬಯಿ ಶಾಸನಸಭೆಗೆ ಹೋಗಿ, 1952ರ ನಂತರ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಉಪಮಂತ್ರಿಗಳಾದರು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ, ವಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡದ ಶಾಸಕರೆಲ್ಲ ಮುಂಬಯಿಯ ಸದನ ಬಿಟ್ಟು ಬೆಂಗಳೂರಿಗೆ ಬಂದರಲ್ಲ, ಆ ಗುಂಪಿನಲ್ಲಿ ಇವರೂ ಬಂದರು. 1958ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿನ ಒಳಗಿನ ಭಿನ್ನಮತಕ್ಕೆ ಸಿಕ್ಕು ನಿಜಲಿಂಗಪ್ಪನವರು ಮುಖ್ಯಮಂತ್ರಿ ಪದವಿ ಬಿಟ್ಟಾಗ ಆ ಕುರ್ಚಿ ಜತ್ತಿಯವರ ಪಾಲಿಗೆ ಬಂತು.

ಜತ್ತಿಯವರ ಹೆಸರನ್ನು ನಮ್ಮ ಕಡೆಯ ರೈತರು ನೆನೆಯಬೇಕಾದದ್ದು ಮುಖ್ಯವಾಗಿ ಭೂಸುಧಾರಣೆಗಾಗಿ. ಗೇಣಿ ಪದ್ಧತಿಯನ್ನು ಪರಿಶೀಲಿಸಲು ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು, ಅದರ ಫಲವಾಗಿ ಬಂದ 1961ರ ಭೂಸುಧಾರಣಾ ಮಸೂದೆ ಅಂಗೀಕಾರವಾದದ್ದು ಅವರು ಮುಖ್ಯಮಂತ್ರಿಯಾಗಿದ್ದಾಗಲೇ. ಆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರ ಮಾರ್ಚ್ 5ರಂದು. ಜತ್ತಿಯವರು ಅಧಿಕಾರ ಬಿಟ್ಟದ್ದೂ ಅದೇ ಮಾರ್ಚ್ ತಿಂಗಳಲ್ಲಿ. ತಾವು ಹದಗೊಳಿಸಿದ ಹೊಲದಲ್ಲಿ ಬಿತ್ತುವ ಹೊತ್ತಿಗೆ ಅವರ ಕೈಯಲ್ಲಿ ಕೂರಿಗೆ ಇರಲಿಲ್ಲ. ಕಾಯ್ದೆ ಜಾರಿಗೆ ಬರಲು 1965ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು, ಅದಕ್ಕೆ ನಿಜವಾದ ಹಲ್ಲು ಮೂಡಲು 1974ರ ತಿದ್ದುಪಡಿಯವರೆಗೆ.

ಜತ್ತಿಯವರನ್ನು ಜಮಖಂಡಿಯ ಮತದಾರರು ಸೋಲಿಸಲಿಲ್ಲ. 1962ರ ಫೆಬ್ರವರಿಯ ಚುನಾವಣೆಯಲ್ಲಿ ಅವರು ಗೆದ್ದರು, 208 ಸ್ಥಾನಗಳಲ್ಲಿ 138 ಸ್ಥಾನ ಪಡೆದು ಅವರ ಪಕ್ಷವೂ ಗೆದ್ದಿತು. ಆದರೆ ಗೆದ್ದ ಶಾಸಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಬಣಕ್ಕೆ ಸೇರಿದವರಾಗಿದ್ದರು. ನಮ್ಮ ವ್ಯವಸ್ಥೆಯಲ್ಲಿ ಮುಖ್ಯಮಂತ್ರಿಯನ್ನು ಜನ ನೇರವಾಗಿ ಆರಿಸುವುದಿಲ್ಲ, ಬಹುಮತ ಪಡೆದ ಪಕ್ಷದ ಶಾಸಕರು ಒಂದು ಕೋಣೆಯಲ್ಲಿ ಕುಳಿತು ನಾಯಕನನ್ನು ಆರಿಸುತ್ತಾರೆ. ಕ್ಷೇತ್ರದಲ್ಲಿ ಗೆದ್ದವನು ಆ ಕೋಣೆಯಲ್ಲಿ ಸೋಲಬಹುದು. ಜತ್ತಿಯವರಿಗೆ ಆದದ್ದು ಅದೇ.

ಹಾಗಾದರೆ ಕುರ್ಚಿ ನಿಜಲಿಂಗಪ್ಪನವರಿಗೆ ಸಿಗಬೇಕಿತ್ತು. ಸಿಗಲಿಲ್ಲ, ಏಕೆಂದರೆ ಇಡೀ ರಾಜ್ಯದಲ್ಲಿ ತಮ್ಮ ಬಣವನ್ನು ಗೆಲ್ಲಿಸಿಕೊಂಡ ಅವರು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ತಾವೇ ಸೋತಿದ್ದರು. ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರು ಅವರನ್ನು ಸೋಲಿಸಿದ್ದರು. ಮದುವೆಯ ಸಿದ್ಧತೆಯೆಲ್ಲ ಮುಗಿದು ಮದುಮಗನೇ ಚಪ್ಪರದ ಹೊರಗೆ ಉಳಿದಂತಹ ಪರಿಸ್ಥಿತಿ. ಸಂವಿಧಾನದ 164ನೆಯ ವಿಧಿಯ ಪ್ರಕಾರ ಶಾಸಕರಲ್ಲದವರೂ ಆರು ತಿಂಗಳವರೆಗೆ ಮಂತ್ರಿಯಾಗಿರಬಹುದು. ಆದರೆ ಮತದಾರರು ಆಗಷ್ಟೇ ಬೇಡವೆಂದವರು ಮರುವಾರವೇ ವಿಧಾನಸೌಧದ ಮೆಟ್ಟಿಲು ಹತ್ತುವುದು ಕಾನೂನಿಗೆ ಸರಿಯಾದರೂ ಕಣ್ಣಿಗೆ ಸರಿಕಾಣುತ್ತಿರಲಿಲ್ಲ. ಹೀಗಾಗಿ ನಡುವೆ ಕೆಲವು ಕಾಲ ಕುರ್ಚಿಯನ್ನು ಕಾಯುವವರೊಬ್ಬರು ಬೇಕಾಯಿತು.

ಆಗ ಮುಂದೆ ಬಂದ ಹೆಸರು ಹುನಗುಂದದ ಶಾಸಕ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರದು. ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ 1908ರಲ್ಲಿ ಹುಟ್ಟಿದ ಕಂಠಿಯವರು 1952ರಿಂದ 1956ರವರೆಗೆ ಮುಂಬಯಿ ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದರು, 1956ರ ಡಿಸೆಂಬರ್‌ನಿಂದ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾದರು. ಹತ್ತಿರಹತ್ತಿರ ಹತ್ತು ವರ್ಷ ಅವರ ಕೆಲಸವೆಂದರೆ ಇತರರ ಮಾತು ಕೇಳುವುದು, ದನಿ ಏರಿದಾಗ ತಗ್ಗಿಸುವುದು, ಎರಡೂ ಕಡೆಯ ಮತ ಸಮವಾದಾಗ ಮಾತ್ರ ತಮ್ಮದೊಂದು ಮತ ಹಾಕುವುದು. ಸಭಾಧ್ಯಕ್ಷರ ಪೀಠ ಸದನದಲ್ಲಿ ಎಲ್ಲರಿಗಿಂತ ಎತ್ತರದಲ್ಲಿರುತ್ತದೆ, ಮುಖ್ಯಮಂತ್ರಿಯ ಆಸನ ಕೆಳಗೆ, ಸಭಾಧ್ಯಕ್ಷರ ಬಲಗಡೆಯ ಮೊದಲ ಸಾಲಿನಲ್ಲಿ. ಕಂಠಿಯವರು ಮುಖ್ಯಮಂತ್ರಿಯಾದದ್ದನ್ನು ನಾವು ಏರುವುದು ಎನ್ನುತ್ತೇವೆ. ಆದರೆ ಸದನದ ನೆಲದ ಲೆಕ್ಕದಲ್ಲಿ ಅವರು ಕೆಲವು ಮೆಟ್ಟಿಲು ಇಳಿದೇ ಆ ಆಸನಕ್ಕೆ ಬರಬೇಕಾಯಿತು. ನಿನ್ನೆಯವರೆಗೆ ಯಾವ ಪಕ್ಷಕ್ಕೂ ಸೇರದವರಂತೆ ನಡೆದುಕೊಂಡವರು ಇಂದು ಆಡಳಿತ ಪಕ್ಷದ ನಾಯಕರು. ಆ ಹೆಜ್ಜೆ ಅವರಿಗೆ ಹಗುರವಾಗಿತ್ತೆಂದು ನಾನು ನಂಬುವುದಿಲ್ಲ.

1962ರ ಮಾರ್ಚ್ 14ರಂದು ಅಧಿಕಾರಕ್ಕೆ ಬಂದ ಅವರು ಜೂನ್ 20ರವರೆಗೆ ಇದ್ದರು. ಮುಂದಿನ ದಿನ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಇದನ್ನು ಹೇಳುವಾಗಲೆಲ್ಲ ನಮ್ಮಲ್ಲಿ ರಾಮಾಯಣ ಬಂದೇ ಬರುತ್ತದೆ. ಕಂಠಿಯವರು ಭರತನಂತೆ ಪಾದುಕೆಯಿಟ್ಟು ರಾಜ್ಯವಾಳಿದರು ಎನ್ನುತ್ತಾರೆ. ಅದು ಅಭಿಮಾನದ ಮಾತು, ನನಗೂ ಇಷ್ಟ. ಆದರೆ ರಾಮನನ್ನು ಕಾಡಿಗೆ ಕಳಿಸಿದ್ದು ಕೈಕೇಯಿಯ ವರ, ನಿಜಲಿಂಗಪ್ಪನವರನ್ನು ಹೊರಗೆ ಕಳಿಸಿದ್ದು ಹೊಸದುರ್ಗದ ಮತದಾರರು. ಈ ವ್ಯತ್ಯಾಸವನ್ನು ಪಾದುಕೆಯ ಹೋಲಿಕೆ ಮುಚ್ಚಿಬಿಡುತ್ತದೆ. ಕಂಠಿಯವರ ದೊಡ್ಡತನ ಇದರಿಂದ ಕಡಿಮೆಯಾಗುವುದಿಲ್ಲ. ಬಿಡಬೇಕಾದ ದಿನ ಅವರು ಕುರ್ಚಿಯನ್ನು ಬಿಟ್ಟರು, ಶಾಸಕರನ್ನು ಒಟ್ಟುಗೂಡಿಸಿ ಉಳಿಸಿಕೊಳ್ಳುವ ದಾರಿ ಹಿಡಿಯಲಿಲ್ಲ. ಕುರ್ಚಿಯಲ್ಲಿ ಕುಳಿತವರ ಸುತ್ತ ಮೂರು ತಿಂಗಳಲ್ಲಿ ಎಷ್ಟು ಜನ ಸೇರುತ್ತಾರೆಂಬುದು ರಾಜಕೀಯ ಬಲ್ಲವರಿಗೆಲ್ಲ ಗೊತ್ತು.

ಇನ್ನು ನಾಲ್ಕನೆಯವರು. ಹೆಚ್ಚಿನವರು ಇವರ ಹೆಸರನ್ನೇ ಎತ್ತುವುದಿಲ್ಲ. ಬಾಗಲಕೋಟೆಯಿಂದ ಗೆದ್ದಿದ್ದ ಬಿ.ಟಿ. ಮುರನಾಳ ಅವರು ನಿಜಲಿಂಗಪ್ಪನವರಿಗಾಗಿ ತಮ್ಮ ಶಾಸಕ ಸ್ಥಾನವನ್ನೇ ತೆರವು ಮಾಡಿಕೊಟ್ಟರು. ಕಂಠಿಯವರು ಬಿಟ್ಟದ್ದು ಮುಖ್ಯಮಂತ್ರಿ ಪದವಿಯನ್ನು, ಅವರಿಗೆ ಹುನಗುಂದ ಉಳಿಯಿತು. ಜತ್ತಿಯವರಿಗೆ ಜಮಖಂಡಿ ಉಳಿಯಿತು. ಮುರನಾಳರಿಗೆ ಉಳಿದದ್ದು ಮನೆಯ ಕಟ್ಟೆ.

ನಂತರದ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರ ಎದುರು ಯಾರೂ ಉಳಿಯದೆ ಅವರು ಅವಿರೋಧವಾಗಿ ಆಯ್ಕೆಯಾದರು. ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿದಾಗ ಕಣದಲ್ಲಿ ಒಬ್ಬರೇ ಉಳಿದಿದ್ದರೆ ಚುನಾವಣಾಧಿಕಾರಿ ಅವರನ್ನೇ ಆಯ್ಕೆಯಾದವರೆಂದು ಘೋಷಿಸುತ್ತಾರೆ, ಮತಪೆಟ್ಟಿಗೆ ಹೊರಗೆ ಬರುವುದೇ ಇಲ್ಲ.

ನನ್ನ ತಂದೆಯವರು ಆಗ ಬಾಗಲಕೋಟೆಯಲ್ಲಿ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುವ ಪದ್ಧತಿ ಸಾರ್ವತ್ರಿಕ ಚುನಾವಣೆಯಲ್ಲಿ ಶುರುವಾದದ್ದು ಅದೇ 1962ರಲ್ಲಿ, ಆ ಶಾಯಿ ತಯಾರಾಗುತ್ತಿದ್ದದ್ದು ನಮ್ಮ ಮೈಸೂರಿನಲ್ಲಿ. ಎಡಗೈಯ ಬೆರಳಿನ ಮೇಲಿನ ಆ ಕಪ್ಪು ಗೆರೆ ಅವರಿಗೆ ಒಂದು ಮೋಜು. ಖಾತೆ ಪುಸ್ತಕದ ಮೇಲೆ ಬೆರಳು ಓಡಿಸುತ್ತ ಕುಳಿತವರನ್ನು ಗಿರಾಕಿಗಳು ‘ಏನ್ರೀ, ದೌತಿ ಉರುಳಿತೇನು?’ ಎಂದು ಕೇಳುತ್ತಿದ್ದರಂತೆ. ಉಗುರು ಬೆಳೆದಂತೆ ಗೆರೆ ಮೇಲೆ ಮೇಲೆ ಸರಿದು, ಉಗುರಿನ ತುದಿಯಲ್ಲಿ ಒಂದು ಚೂರು ಉಳಿದಿದ್ದ ಹೊತ್ತಿಗೆ ಮುರನಾಳರು ಸ್ಥಾನ ಬಿಟ್ಟ ಸುದ್ದಿ ಅಂಗಡಿಗೆ ಮುಟ್ಟಿತು. ‘ಬೆರಳಿನ ಮಸಿ ಹೋಗೂದ್ರಾಗ ಎಮ್ಮೆಲ್ಲೆನ ಹೋದ್ರಲ್ಲೋ ತಮ್ಮಾ’ ಎಂದು ಅವರು ಮುಂದೆ ಎಷ್ಟೋ ವರ್ಷ ಹೇಳಿ ನಗುತ್ತಿದ್ದರು. ನಗು ಮುಗಿದ ಮೇಲೆ ಒಂದು ಮಾತು ಸೇರಿಸುತ್ತಿದ್ದರು: ‘ನಮ್ಮನ್ನ ಯಾರೂ ಕೇಳಲಿಲ್ಲ ನೋಡು.’

ಪಾಠ ಮಾಡುವಾಗ ಈ ಎರಡನೆಯ ಮಾತನ್ನು ನಾನು ಬಹಳ ವರ್ಷ ಬಿಟ್ಟೇ ಹೇಳುತ್ತಿದ್ದೆ. ಈಗ ಬಿಡುವುದಿಲ್ಲ. ಮುರನಾಳರ ತ್ಯಾಗವನ್ನು ಹೊಗಳುವವರಿಗೆ ನನ್ನದೊಂದು ಸಣ್ಣ ತಕರಾರಿದೆ. ರಾಜೀನಾಮೆ ಕೊಡುವ ಹಕ್ಕು ಅವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ಥಾನವನ್ನು ಇಂಥವರಿಗೇ ಕೊಡುತ್ತೇನೆಂದು ಹೇಳಲು ಅದು ಅವರ ಹೊಲವೂ ಅಲ್ಲ, ಮನೆಯೂ ಅಲ್ಲ. ಹೊಸದುರ್ಗದ ಜನ ಒಬ್ಬರನ್ನು ತೂಗಿ ನೋಡಿ ಬೇಡವೆಂದರು. ಬಾಗಲಕೋಟೆಯ ಜನರಿಗೆ ತೂಗಿ ನೋಡುವ ತಕ್ಕಡಿಯೇ ಸಿಗಲಿಲ್ಲ. ಮತದಾನ ನಡೆದಿದ್ದರೂ ನಿಜಲಿಂಗಪ್ಪನವರೇ ಗೆಲ್ಲುತ್ತಿದ್ದರೇನೋ. ಅವರ ಪ್ರಾಮಾಣಿಕತೆಯ ಬಗ್ಗೆ, ಏಕೀಕರಣಕ್ಕಾಗಿ ಅವರು ದುಡಿದದ್ದರ ಬಗ್ಗೆ ನಮ್ಮ ಭಾಗದಲ್ಲಿ ಅಪಾರ ಗೌರವವಿತ್ತು. ಗೆಲ್ಲುವುದು ಖಚಿತವೆಂಬ ಕಾರಣಕ್ಕೆ ಚುನಾವಣೆಯೇ ಬೇಡವೆನ್ನುವುದು ಮಾತ್ರ ನನಗೆ ಒಪ್ಪಿಗೆಯಾಗುವ ವಾದವಲ್ಲ.

ಇದಕ್ಕೆ ಎದುರು ಮಾತೂ ಇದೆ, ನಮ್ಮ ಊರಿನ ಹಿರಿಯರು ಅದನ್ನು ಕಟ್ಟೆಯ ಮೇಲೆ ಆಡುತ್ತಿದ್ದರು. ಮುಖ್ಯಮಂತ್ರಿಯೇ ನಮ್ಮ ಶಾಸಕರಾದರೆ ಊರಿಗೆ ಲಾಭವಲ್ಲವೇ ಎಂಬುದು ಆ ಮಾತು. ಮುಖ್ಯಮಂತ್ರಿಯೂ ಬಾಗಲಕೋಟೆಯ ಶಾಸಕರೂ ಅವರೇ ಆಗಿದ್ದ 1964ರ ಮೇ 22ರಂದು, ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. ಐದು ದಿನಗಳ ನಂತರ ನೆಹರೂ ತೀರಿಕೊಂಡರು, ಅಡಿಗಲ್ಲು ಇಟ್ಟವರೇ ಪ್ರಧಾನಿಯಾದರು. ಕೃಷ್ಣೆಯ ನೀರು ವಿಜಾಪುರದ ಬರಡು ನೆಲಕ್ಕೆ ಹರಿಯುವ ಕನಸು ಅಲ್ಲಿಂದ ಮುಂದೆ ದಶಕಗಳ ಕಾಲ ಎಳೆದಾಡಿತು. ಕೊನೆಗೆ ನೀರು ನಿಂತಾಗ ಘಟಪ್ರಭೆಯ ದಂಡೆಯಲ್ಲಿದ್ದ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಹಿನ್ನೀರಿನ ಪಾಲಾದವು, ಜನ ನವನಗರಕ್ಕೆ ಸಾಮಾನು ಹೊತ್ತರು. ನಿಜಲಿಂಗಪ್ಪನವರು ಅದಕ್ಕೂ ಎಷ್ಟೋ ಮೊದಲೇ ನಮ್ಮ ಕ್ಷೇತ್ರ ಬಿಟ್ಟಿದ್ದರು. 1967ರಲ್ಲಿ ಅವರು ವಿಧಾನಸಭೆಗೆ ಹೋದದ್ದು ಶಿಗ್ಗಾವಿಯಿಂದ.

ಇಳಿದವರು ಮುಂದೆ ಏನಾದರು ಎಂಬುದನ್ನೂ ಹೇಳಬೇಕು. ಜತ್ತಿಯವರು 1962ರ ಜುಲೈನಲ್ಲಿ ನಿಜಲಿಂಗಪ್ಪನವರ ಸಂಪುಟವನ್ನೇ ಸೇರಿ ಹಣಕಾಸು ಖಾತೆ ನೋಡಿಕೊಂಡರು. ನಾಲ್ಕು ತಿಂಗಳ ಹಿಂದೆ ತಾವು ಕುಳಿತಿದ್ದ ಕುರ್ಚಿಯ ಪಕ್ಕದಲ್ಲಿ ಕುಳಿತು ಕಡತ ನೋಡುವುದಕ್ಕೆ ಎಂಥ ಮನಸ್ಸು ಬೇಕೋ ನಾನು ಊಹಿಸಲಾರೆ. ಮುಂದೆ ಪಾಂಡಿಚೇರಿಯ ಉಪರಾಜ್ಯಪಾಲರಾಗಿ, ಒಡಿಶಾದ ರಾಜ್ಯಪಾಲರಾಗಿ, 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾಗಿ, ಮುಂಬಯಿಯಲ್ಲಿ ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಆ ಮೊರಾರ್ಜಿಯವರಿಗೇ ಪ್ರಧಾನಿ ಪದವಿಯ ಪ್ರಮಾಣವಚನ ಬೋಧಿಸಿದರು. ಸಾವಳಗಿಯಲ್ಲಿ ಇದನ್ನು ಹೇಳುವವರ ಮುಖ ಈಗಲೂ ಅರಳುತ್ತದೆ.

ಕಂಠಿಯವರಿಗೆ ಅಂಥ ಎರಡನೆಯ ಏರಿಕೆ ಸಿಗಲಿಲ್ಲ. ನಿಜಲಿಂಗಪ್ಪನವರ ಸರ್ಕಾರದಲ್ಲಿ ಅವರು ಶಿಕ್ಷಣ ಮಂತ್ರಿಯಾದರು. ವಿಜಾಪುರದಲ್ಲಿ 1963ರಲ್ಲಿ ಸೈನಿಕ ಶಾಲೆ ಆರಂಭವಾದದ್ದು ಅವರ ಆ ಅವಧಿಯಲ್ಲಿ. 1969ರ ನವೆಂಬರ್‌ನಲ್ಲಿ ಕಾಂಗ್ರೆಸ್ ಇಬ್ಭಾಗವಾಗಿ, ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರ ದೊಡ್ಡ ಸೋಲು ಶುರುವಾಗಿತ್ತಷ್ಟೇ. ಅದರ ಕೊನೆಯನ್ನು ನೋಡಲು ಕಂಠಿಯವರು ಇರಲಿಲ್ಲ. ಅದೇ ಡಿಸೆಂಬರ್ 25ರಂದು, 61 ತುಂಬಿದ ನಾಲ್ಕೇ ದಿನಕ್ಕೆ, ಅವರು ತೀರಿಕೊಂಡರು.

ನನ್ನ ತಂದೆಯವರು 1962ರ ಫೆಬ್ರವರಿಯಲ್ಲಿ ಮತ ಹಾಕಿದ ಶಾಲೆ ಹಳೆಯ ಊರಿನ ತಗ್ಗಿನಲ್ಲಿತ್ತು. ಆಲಮಟ್ಟಿ ತುಂಬಿದ ವರ್ಷ ಆ ಓಣಿಗೆ ಹೋಗಲು ಆಗುವುದಿಲ್ಲ, ಬೇಸಿಗೆಯಲ್ಲಿ ನೀರು ಸರಿದಾಗ ಮೂರು ಮೆಟ್ಟಿಲು ಕಾಣುತ್ತವೆ.

ನಮಸ್ಕಾರ.