ಹಳಿ ಹೋದರೂ ದಾರಿ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ರೈಲು ಅಂದರೆ ನಿಮಗೆ ಎಂಜಿನ್ನು, ಬೋಗಿ, ಕಿಟಕಿ ಪಕ್ಕದ ಸೀಟು ನೆನಪಾಗಬಹುದು. ನನಗೆ ನೆನಪಾಗುವುದು ಜಲ್ಲಿ, ಹಳಿಯ ಕೆಳಗೆ ಅಡ್ಡ ಹಾಸುವ ಸ್ಲೀಪರ್, ಚರಂಡಿ. ಹಾಗಾಗಿ ಇವತ್ತಿನ ಮಾತೂ ನೆಲಕ್ಕೆ ಹತ್ತಿರವೇ ಇರುತ್ತದೆ.

ರೈಲು ಓಡುವುದು ನಿಂತ ಮೇಲೆ ಆ ದಾರಿ ಏನಾಗುತ್ತದೆ? ಸಾಮಾನ್ಯವಾಗಿ ಹಳಿ ಗುಜರಿಗೆ ಹೋಗುತ್ತದೆ. ಸ್ಟೇಷನ್ನಿನ ಹೆಂಚು, ಬಾಗಿಲು ಒಂದೊಂದಾಗಿ ಮಾಯವಾಗುತ್ತವೆ. ಹಳಿ ಹಾಸಿದ್ದ ಮಣ್ಣಿನ ಏರಿಯ ಮೇಲೆ ಜಾಲಿ ಬೆಳೆಯುತ್ತದೆ. ಆದರೆ ಕೆಲವು ದೇಶಗಳಲ್ಲಿ ಜನ ಬೇರೆ ದಾರಿ ಹಿಡಿದರು. ಹಳಿ ಕಿತ್ತು, ನೆಲ ಸಮ ಮಾಡಿ, ಅಲ್ಲಿ ಸೈಕಲ್ ಹೊಡೆಯಲು ಶುರು ಮಾಡಿದರು. ಅಮೆರಿಕ, ಇಂಗ್ಲೆಂಡ್, ಸ್ಪೇನ್, ನ್ಯೂಜಿಲೆಂಡ್, ಎಲ್ಲ ಕಡೆ ಇಂಥ ದಾರಿಗಳಿವೆ.

ಇದರಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು. ರೈಲು ನಿಂತರೆ ನಿಲ್ಲಲಿ. ಹಳಿ ಕಿತ್ತರೆ ಕೀಳಲಿ. ಆದರೆ ಆ ಉದ್ದನೆಯ ಜಾಗವನ್ನು ತುಂಡು ಮಾಡಬೇಡಿ. ಸೀರೆಯನ್ನು ನಡುವೆ ಕತ್ತರಿಸಿದರೆ ಎರಡು ಸೀರೆ ಆಗುವುದಿಲ್ಲ, ಅಲ್ವಾ? ಇದೂ ಹಾಗೆಯೇ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ರೈಲಿನ ದಾರಿ ಸೈಕಲ್ಲಿಗೆ ಯಾಕೆ ಅಷ್ಟು ಚೆನ್ನಾಗಿ ಹೊಂದುತ್ತದೆ? ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಉರುಳುತ್ತದೆ. ಅಲ್ಲಿ ಹಿಡಿತ ಕಡಿಮೆ. ಏರು ಸ್ವಲ್ಪ ಜಾಸ್ತಿಯಾದರೂ ಚಕ್ರ ಅಲ್ಲೇ ಜಾರುತ್ತಾ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆದ್ದರಿಂದ ನಮ್ಮ ಹಿರಿಯ ಎಂಜಿನಿಯರುಗಳು ನೂರು ಅಡಿ ಹೋದರೆ ಒಂದು ಅಡಿ ಏರುವಂತೆ ದಾರಿ ಮಾಡುತ್ತಿದ್ದರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿಗೆ ಒಂದು ಅಡಿ ಏರು. ರೈಲಿನ ಲೆಕ್ಕದಲ್ಲಿ ಅದು ಭಾರೀ ಕಡಿದು. ಶಿರಾಡಿ ಘಾಟಿಯ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಮಾತ್ರ ಅದು ಏನೂ ಅನ್ನಿಸುವುದಿಲ್ಲ. ಎಂಜಿನ್ನಿನ ಸುಖಕ್ಕೆಂದು ಗುಡ್ಡ ಕಡಿದರು, ಹಳ್ಳ ತುಂಬಿದರು, ಸುರಂಗ ಕೊರೆದರು. ಈಗ ಆ ಸುಖ ಮಂಡಿ ನೋವಿನ ಅರವತ್ತರ ಮೇಲಿನವರಿಗೆ ಸಿಗುತ್ತಿದೆ. ಅವರಲ್ಲಿ ನಾನೂ ಒಬ್ಬ.

ಇನ್ನು ನನಗೆ ತುಂಬಾ ಇಷ್ಟವಾದ ದಾರಿಯ ಕಥೆಗೆ ಬರುತ್ತೇನೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಒಟಾಗೊ ಎಂಬ ಸೀಮೆ ಇದೆ. ಅಲ್ಲಿ 1861ರಲ್ಲಿ ಚಿನ್ನ ಸಿಕ್ಕಿತು. ಎಲ್ಲೆಲ್ಲಿಂದಲೋ ಜನ ನುಗ್ಗಿದರು. ಆಮೇಲೆ ಒಳನಾಡಿಗೆ ರೈಲು ಬೇಕು ಎಂದಾಯಿತು. 1879ರಲ್ಲಿ ಕೆಲಸ ಶುರುವಾಯಿತು. ಡುನೀಡಿನ್ ನಗರದ ಕಡೆಯಿಂದ ಹೊರಟ ಹಳಿ ಮಿಡ್ಲ್‌ಮಾರ್ಚ್ ಊರು ಮುಟ್ಟಿದ್ದು 1891ರಲ್ಲಿ. ಕ್ಲೈಡ್ ಮುಟ್ಟಿದ್ದು 1907ರಲ್ಲಿ. ಕೊನೆಯ ಊರು ಕ್ರಾಮ್ವೆಲ್ ಮುಟ್ಟುವ ಹೊತ್ತಿಗೆ 1921! ನಲವತ್ತೆರಡು ವರ್ಷ. ನಮ್ಮಲ್ಲಿ ಯೋಜನೆ ತಡ ಎಂದು ಬೈಯುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾಲ ಬದಲಾಯಿತು, ಲಾರಿ ಬಂತು. 1980ರಲ್ಲಿ ಕ್ಲೈಡ್‌ನಿಂದ ಮುಂದಿನ ಹಳಿ ಮುಚ್ಚಿತು. ಕ್ಲೈಡ್‌ನಲ್ಲಿ ದೊಡ್ಡ ಅಣೆಕಟ್ಟು ಬರುವುದಿತ್ತು, ಆಚೆಯ ಕಣಿವೆ ಮುಳುಗುವುದಿತ್ತು. ಈಚೆಯ ಹಳಿ ಉಳಿದದ್ದು ಅದೇ ಅಣೆಕಟ್ಟಿಗೆ ಸಾಮಾನು ಹೊರುವ ಕೆಲಸಕ್ಕೆ. ಆ ಕೆಲಸ ಮುಗಿಯಿತು, 1990ರಲ್ಲಿ ಅದೂ ಮುಚ್ಚಿತು. ಹಳಿ ಕಿತ್ತರು.

ಈಗ ಗಮನವಿಟ್ಟು ಕೇಳಿ. ಡುನೀಡಿನ್ ಕಡೆಯ ಭಾಗವನ್ನು ಆ ಊರಿನ ನಗರಸಭೆ ಕೊಂಡು ಪ್ರವಾಸಿ ರೈಲು ಓಡಿಸಿತು. ಉಳಿದದ್ದು ಮಿಡ್ಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗೆ ಸುಮಾರು 150 ಕಿಲೋಮೀಟರ್. 1993ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ ಅಷ್ಟನ್ನೂ ಇಡಿಯಾಗಿ ವಹಿಸಿಕೊಂಡಿತು. ಇಡಿಯಾಗಿ! ಪಕ್ಕದ ಹೊಲದವರಿಗೆ ಅಷ್ಟಷ್ಟು ಹಂಚಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ರೈತರು ಸುಮ್ಮನೆ ಒಪ್ಪಲಿಲ್ಲ, ನಿಜ. ಯಾರೋ ಬೇಲಿಯ ಗೇಟು ತೆರೆದಿಟ್ಟು ಹೋದರೆ ಕುರಿಗಳು ಎಲ್ಲೆಲ್ಲೋ ಹೋಗುತ್ತವೆ, ಬೆಂಕಿ ಬೀಳುತ್ತದೆ ಎಂದು ಹೆದರಿದರು. ಹೆದರಿಕೆ ಸುಳ್ಳೇನಲ್ಲ. ಊರವರೇ ಸೇರಿ ಟ್ರಸ್ಟ್ ಮಾಡಿದರು, ಹಣ ಕೂಡಿಸಿದರು, ಸೇತುವೆಗಳಿಗೆ ಹಲಗೆ ಹಾಕಿಸಿದರು. 2000ದಲ್ಲಿ ಇಡೀ ದಾರಿ ತೆರೆಯಿತು.

ನನ್ನ ಮಗಳು ಡುನೀಡಿನ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಅಳಿಯಂದಿರು ಬಾಡಿಗೆ ಸೈಕಲ್ ಕೊಡಿಸಿ, "ಮಾವ, ನಿಮಗೆ ಇದಕ್ಕಿಂತ ಒಳ್ಳೆಯ ಜಾಗ ಈ ದೇಶದಲ್ಲಿ ಇಲ್ಲ" ಅಂದರು. ಸರಿಯಾಗಿಯೇ ಹೇಳಿದ್ದರು. ಪೂಲ್‌ಬರ್ನ್ ಎಂಬ ಕೊರಕಲು ಇದೆ. ಅಲ್ಲಿ ಎರಡು ಸುರಂಗ, ಒಂದು ಎತ್ತರದ ಸೇತುವೆ. ಸುರಂಗದಲ್ಲಿ ಟಾರ್ಚ್ ಇಲ್ಲದೆ ಕೈಬೆರಳೂ ಕಾಣುವುದಿಲ್ಲ. ಸೇತುವೆಗೆ ಬಂದೆ. ಕಲ್ಲಿನ ಕಂಬಗಳು. ಅಲ್ಲಿಯದೇ ಕಲ್ಲು, ಪದರ ಪದರವಾದದ್ದು, ಕೈಯಿಂದ ಕೆತ್ತಿ ಕೂರಿಸಿದ್ದು. ಎಲ್ಲರೂ ಕಣಿವೆ ನೋಡುತ್ತಿದ್ದರೆ ನಾನು ಬಗ್ಗಿ ಸೇತುವೆ ಹೊರುವ ಗರ್ಡರ್ ತೊಲೆ ಕಂಬದ ಮೇಲೆ ಹೇಗೆ ಕೂತಿದೆ ಎಂದು ನೋಡುತ್ತಿದ್ದೆ.

ಹಿಂದಿನಿಂದ ಒಬ್ಬರು ಕೇಳಿದರು, "ರೈಲ್ವೆಯವರಾ?"

ತಿರುಗಿ ನೋಡಿದರೆ ಎಂಬತ್ತರ ಆಸುಪಾಸಿನ ಅಜ್ಜ. ಅದೇ ಹಳಿಯಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ರಿಪೇರಿಯ ಕೆಲಸಗಾರ, ಆಗಿದ್ದವರಂತೆ. "ಸುಮ್ನೆ ಬಂದವರು ದೂರ ನೋಡುತ್ತಾರೆ, ರೈಲ್ವೆಯವರು ಬುಡ ನೋಡುತ್ತಾರೆ" ಅಂದರು. ಮುಗೀತು! ಅಲ್ಲೇ ಕೂತೆವು. ಅಳಿಯಂದಿರು ಮುಂದೆ ಹೋಗಿ, ಕಾದು, ಮತ್ತೆ ಹಿಂದಕ್ಕೆ ಬಂದು, ಇವರನ್ನು ಎಬ್ಬಿಸುವುದು ಆಗದ ಕೆಲಸ ಎಂದು ಅವರೂ ಕೂತರು.

ಅಜ್ಜ ಹೇಳಿದ್ದು ಏನು ಗೊತ್ತಾ? ಈ ಸೈಕಲ್ ದಾರಿ ಮಾಡುವಾಗ ದೊಡ್ಡ ತಲೆನೋವು ಸುರಂಗವೂ ಅಲ್ಲ, ಸೇತುವೆಯೂ ಅಲ್ಲ. ಜಲ್ಲಿ! ನನಗೆ ತಕ್ಷಣ ಅರ್ಥವಾಯಿತು. ರೈಲಿನ ಜಲ್ಲಿ ದಪ್ಪಗಿರುತ್ತದೆ, ಅಂಚು ಚೂಪಾಗಿರುತ್ತದೆ. ಒಂದಕ್ಕೊಂದು ಕಚ್ಚಿಕೊಳ್ಳಲಿ, ಸ್ಲೀಪರ್ ಅಲುಗಾಡದಿರಲಿ, ಮಳೆನೀರು ನಡುವೆ ಇಳಿದುಹೋಗಲಿ ಎಂದೇ ಅಂಥ ಜಲ್ಲಿ ಹಾಕುವುದು. ಸ್ಲೀಪರ್ ತೆಗೆದ ಮೇಲೆ ಅದರ ಮೇಲೆ ಸೈಕಲ್ ಹೊಡೆದು ನೋಡಿ, ಹಲ್ಲು ಉದುರುತ್ತವೆ. ಹಾಗಾಗಿ ಮೇಲೆ ಸಣ್ಣ ಜಲ್ಲಿ ಹರಡಿ, ರೋಲರ್ ಓಡಿಸಿ, ಗಟ್ಟಿ ಮಾಡಬೇಕು. ಸೇತುವೆಯದು ಇನ್ನೊಂದು ತಾಪತ್ರಯ. ರೈಲು ಸೇತುವೆಯಲ್ಲಿ ಸ್ಲೀಪರ್‌ಗಳ ನಡುವೆ ಬರೀ ಖಾಲಿ, ಕೆಳಗೆ ನೀರು ಕಾಣುತ್ತದೆ. ಅದಕ್ಕೆ ಹಲಗೆ ಹೊದಿಸಿ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಕಟ್ಟಬೇಕು.

ಇಷ್ಟೆಲ್ಲ ಹೇಳಿ ಅಜ್ಜ ಹೆಮ್ಮೆಪಡುತ್ತಾರೆ ಎಂದುಕೊಂಡೆ. ಇಲ್ಲ, ಬೈಯಲು ಶುರು ಮಾಡಿದರು! "ನೋಡಿ ಆ ಚರಂಡಿ. ಕಸ ತುಂಬಿದೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ನಮ್ಮ ಮೇಸ್ತ್ರಿ ನೋಡಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ." ನನಗೆ ನಗು ತಡೆಯಲಾಗಲಿಲ್ಲ. ಅರಸೀಕೆರೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಗ್ಯಾಂಗ್‌ಮನ್‌ಗಳೆಲ್ಲ ನಿವೃತ್ತರಾದ ಮೇಲೆ ಹೇಳುವ ಮಾತೇ ಅದು. ಆದರೆ ಅಜ್ಜ ಹೇಳಿದ್ದು ಸತ್ಯ. ರೈಲಿಗಾಗಲಿ ಸೈಕಲ್ಲಿಗಾಗಲಿ, ದಾರಿಯ ಶತ್ರು ನೀರು. ಪಕ್ಕದ ಚರಂಡಿ ಕಟ್ಟಿಕೊಂಡರೆ ಏರಿ ಕುಸಿಯುತ್ತದೆ. ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಂಡವರು ಮರುವರ್ಷ ಚರಂಡಿಗೆ ದುಡ್ಡು ಇಡಬೇಕು. ಇಡುವುದಿಲ್ಲ. ಅದು ಬೇರೆ ಮಾತು.

ಹೊರಡುವಾಗ ಅಜ್ಜ ಇನ್ನೊಂದು ಮಾತು ಹೇಳಿದರು. ಹೈಡ್ ಎಂಬ ಊರಿನ ಹತ್ತಿರ ಒಂದು ತಿರುವು ಇದೆ, ಅಲ್ಲಿ ನಿಂತು ಹೋಗಿ ಎಂದರು. 1943ರ ಜೂನ್ 4ರಂದು ಪ್ಯಾಸೆಂಜರ್ ರೈಲೊಂದು ಆ ತಿರುವಿಗೆ ವಿಪರೀತ ವೇಗದಲ್ಲಿ ಬಂದು ಹಳಿ ತಪ್ಪಿತು. 21 ಜನ ಸತ್ತರು. ನಾನು ಹೋಗಿ ನಿಂತೆ. ಸೈಕಲ್ಲಿನಲ್ಲಿ ಹೋಗುವಾಗ ಅದು ತಿರುವು ಅಂತಲೇ ಗೊತ್ತಾಗುವುದಿಲ್ಲ.

ಕಥೆ ಸ್ವಲ್ಪ ಉದ್ದವಾಯಿತು. ಆದರೂ ಆ ದಾರಿಯ ದುಡ್ಡಿನ ಲೆಕ್ಕ ಹೇಳದೆ ಮುಂದೆ ಹೋಗಲಾರೆ. ದಾರಿ 20 ಕಿಲೋಮೀಟರ್ ಇದ್ದರೆ ಜನ ಬೆಳಿಗ್ಗೆ ಬರುತ್ತಾರೆ, ಮಧ್ಯಾಹ್ನ ಹೋಗುತ್ತಾರೆ. ಊರಿಗೆ ಒಂದು ಕಾಫಿ ದುಡ್ಡು. 150 ಕಿಲೋಮೀಟರ್ ಇದ್ದರೆ? ದಾರಿಯಲ್ಲಿ ಮಲಗಲೇಬೇಕು. ಉಣ್ಣಲೇಬೇಕು. ರ್‍ಯಾನ್‌ಫರ್ಲಿ, ಒಟುರೆಹುವಾದಂಥ ಸಣ್ಣ ಊರುಗಳಲ್ಲಿ ಇವತ್ತು ತಂಗುವ ಮನೆ, ಊಟದ ಜಾಗ, ಸೈಕಲ್ ರಿಪೇರಿ, ಬ್ಯಾಗು ಸಾಗಿಸುವ ವ್ಯಾನು, ಎಲ್ಲಕ್ಕೂ ಕೆಲಸ ಇದೆ. ಅದು ದಾರಿಯ ಅಂದಕ್ಕೆ ಬಂದ ದುಡ್ಡಲ್ಲ, ಉದ್ದಕ್ಕೆ ಬಂದ ದುಡ್ಡು. ತುಂಡು ಮಾಡಬೇಡಿ ಎಂದು ನಾನು ಬಡಕೊಳ್ಳುವುದು ಇದಕ್ಕೇ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1963ರಲ್ಲಿ ಬೀಚಿಂಗ್ ಎಂಬವರ ವರದಿ ಬಂತು. ನಷ್ಟದ ಹಳಿಗಳನ್ನು ಸಾಲುಸಾಲಾಗಿ ಮುಚ್ಚಿದರು. ಎಷ್ಟೋ ಕಡೆ ಜಾಗ ಚೂರುಚೂರಾಗಿ ಮಾರಿದರು, ಸೇತುವೆ ಕೆಡವಿದರು, ಹಳಿ ಇದ್ದಲ್ಲಿ ಮನೆಗಳೆದ್ದವು. ಈಗ ಜೋಡಿಸಲು ಹೋದರೆ ಆಗುತ್ತಿಲ್ಲ. ಅದೃಷ್ಟಕ್ಕೆ ಬ್ರಿಸ್ಟಲ್ ಮತ್ತು ಬಾತ್ ನಡುವಿನ ದಾರಿ ಉಳಿದಿತ್ತು. 1979ರಲ್ಲಿ ಸ್ಥಳೀಯರು ಗುದ್ದಲಿ ಹಿಡಿದು ತಾವೇ ಅದರ ಮೊದಲ ಭಾಗ ಮಾಡಿದರು. 1986ರ ಹೊತ್ತಿಗೆ 21 ಕಿಲೋಮೀಟರ್ ಮುಗಿಯಿತು. ಈಗ ಜನ ಅದರಲ್ಲಿ ದಿನಾ ಕೆಲಸಕ್ಕೆ ಹೋಗುತ್ತಾರೆ.

ಅಮೆರಿಕದವರು ಇದರಲ್ಲಿ ಜಾಣರು. 1983ರಲ್ಲಿ ಕಾನೂನೇ ತಂದರು. ಹಳಿ ಕಿತ್ತರೂ ಆ ಜಾಗ ರೈಲಿನ ಲೆಕ್ಕದಲ್ಲೇ ಇರುತ್ತದೆ, ಅಲ್ಲಿಯವರೆಗೆ ಜನ ನಡೆಯಲಿ, ಸೈಕಲ್ ಹೊಡೆಯಲಿ, ನಾಳೆ ಬೇಕಾದರೆ ರೈಲು ವಾಪಸ್ ಬರಲಿ ಎಂದು. ಎಂಥ ಸರಳ ಉಪಾಯ! ಮಿಸೌರಿ ರಾಜ್ಯದ 386 ಕಿಲೋಮೀಟರಿನ ಕೇಟಿ ಟ್ರೇಲ್ ಉಳಿದದ್ದು ಹೀಗೆ. ಅದಕ್ಕೆ ದೊಡ್ಡ ಮೊತ್ತ ಕೊಟ್ಟ ಟೆಡ್ ಜೋನ್ಸ್ ಎಂಬ ಉದ್ಯಮಿ, ವಿಸ್ಕಾನ್ಸಿನ್‌ನಲ್ಲಿ ಅಂಥದ್ದೇ ದಾರಿಯಲ್ಲಿ ಸೈಕಲ್ ಹೊಡೆದು ಬಂದವರು. ಸ್ಪೇನ್‌ನಲ್ಲಂತೂ ಒಂದೂ ರೈಲು ಓಡದ ಹಳಿಮಾರ್ಗ ಇದೆ. ಕಟ್ಟುವಾಗಲೇ ದುಡ್ಡು ಮುಗಿದು ಕೆಲಸ ನಿಂತಿತು. ಆ 36 ಕಿಲೋಮೀಟರಿನಲ್ಲಿ 30 ಸುರಂಗ! ಇವತ್ತು ಸೈಕಲ್ಲಿನವರದೇ ರಾಜ್ಯ.

"ಸರಿ ಸಾರ್, ನಮ್ಮ ಕರ್ನಾಟಕದಲ್ಲಿ?" ಎಂದು ಕೇಳುತ್ತೀರಿ. ಕೂಡಲೇ ಸಕಲೇಶಪುರದ ಹೆಸರು ಹೇಳುತ್ತೀರಿ, ನನಗೆ ಗೊತ್ತು. ಎಲ್ಲಿ ಮಾತಾಡಿದರೂ ಇದೇ ಪ್ರಶ್ನೆ. ದಯವಿಟ್ಟು ಕೇಳಿ. ಆ ಘಾಟಿಯ ಮೀಟರ್ ಗೇಜ್ ಹಳಿ 1996ರಲ್ಲಿ ಬ್ರಾಡ್ ಗೇಜ್, ಅಂದರೆ ಅಗಲದ ಹಳಿ, ಮಾಡಲು ಮುಚ್ಚಿತು. ಆ ವರ್ಷಗಳಲ್ಲಿ ಚಾರಣಿಗರು ಅಲ್ಲಿ ನಡೆದರು, ಫೋಟೊ ಹಾಕಿದರು, ಹೆಸರು ಹಬ್ಬಿತು. ಆದರೆ 2006ರಲ್ಲೇ ಅಲ್ಲಿ ಮತ್ತೆ ಗೂಡ್ಸ್ ಓಡಿತು. ಈಗ ಹಗಲೂ ರಾತ್ರಿ ರೈಲು ಓಡುತ್ತದೆ. 57 ಸುರಂಗ ಇವೆ, ನೂರಕ್ಕೂ ಹೆಚ್ಚು ಸೇತುವೆ ಇವೆ. ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ಅಲ್ಲಿ ನಡೆಯುವುದು ಅಪರಾಧ. ಅದು ಸತ್ತ ಹಳಿಯಲ್ಲ ಸ್ವಾಮಿ, ಜೀವಂತ ಹಳಿ. ಹೋಗಬೇಡಿ. ಮಕ್ಕಳನ್ನೂ ಕಳಿಸಬೇಡಿ.

ನಮ್ಮಲ್ಲಿ ಹಳೆಯ ಹಳಿಗಳು ಹೆಚ್ಚಾಗಿ ಬ್ರಾಡ್ ಗೇಜ್ ಆಗಿವೆ, ಸಂತೋಷ. ನಿಜವಾಗಿ ಬಿಟ್ಟುಹೋದವು ಬೇರೆ ಇವೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರಿದಾದ ಹಳಿಯ ಪುಟ್ಟ ರೈಲು ಓಡುತ್ತಿತ್ತು, ಹಿರಿಯರು ಅದನ್ನು ಟ್ರಾಮ್ ಅನ್ನುತ್ತಿದ್ದರು. ಗೇಜ್ ಬದಲಿಸುವಾಗ ತಿರುವು ನೇರ ಮಾಡಿದ ಕಡೆಗಳಲ್ಲಿ ಹಳೆಯ ಏರಿ, ಹಳೆಯ ಕಲ್ಲಿನ ಮೋರಿ ಪಕ್ಕದಲ್ಲೇ ಅನಾಥವಾಗಿ ನಿಂತಿರುತ್ತವೆ. ನಿಮ್ಮ ಊರಿನ ಹತ್ತಿರ ಅಂಥದ್ದೊಂದು ಇದ್ದರೆ, ಸೈಕಲ್ ದಾರಿಯ ಮಾತು ಆಮೇಲೆ. ಮೊದಲು ತಾಲ್ಲೂಕು ಕಚೇರಿಗೆ ಹೋಗಿ. ಗ್ರಾಮ ನಕಾಶೆ ಕೇಳಿ, ಪಹಣಿ ತೆಗೆಸಿ. ಆ ಜಾಗ ಇನ್ನೂ ರೈಲ್ವೆಯ ಹೆಸರಲ್ಲಿದೆಯೋ, ಸರ್ಕಾರದ ಹೆಸರಲ್ಲಿದೆಯೋ, ಆಗಲೇ ಹತ್ತು ಜನರ ಹೆಸರಿಗೆ ಹೋಗಿದೆಯೋ ನೋಡಿ. ಒಂದೇ ಹೆಸರಲ್ಲಿ ಇಡಿಯಾಗಿದ್ದರೆ ಪಂಚಾಯಿತಿ ಸಭೆಯಲ್ಲಿ ಅದರ ಮಾತೆತ್ತಿ. ಬರೀ ಮಾತು ಸಾಲದು, ನಡವಳಿ ಪುಸ್ತಕದಲ್ಲಿ ಬರೆಸಿ.

ನಮಸ್ಕಾರ.