ಬಾಯಿ ಮುಚ್ಚಿದ ಹಂಡೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಹೆಚ್ಚಿನವರು ಬಚ್ಚಲ ಹಂಡೆಯ ನೀರಿನಲ್ಲಿ ಮಿಂದು ಬೆಳೆದವರು. ನಾನೂ ಹಾಗೆಯೇ ಬೆಳೆದೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಹಂಡೆಯ ಒಲೆ ಆರುತ್ತಲೇ ಇರಲಿಲ್ಲ. ಅಡಿಕೆ ಸಿಪ್ಪೆ ತುಂಬಿಟ್ಟರೆ ಹೊತ್ತು ಮುಳುಗುವವರೆಗೂ ಕೆಂಡ ಉಳಿಯುತ್ತಿತ್ತು. ಆ ಹಂಡೆಯ ಬೆಂಕಿ ಕಣ್ಣಿಗೆ ಕಾಣುತ್ತಿತ್ತು, ಬಾಯಿ ತೆರೆದಿರುತ್ತಿತ್ತು. ನೀರು ಕುದಿದರೆ ಹಬೆಯಾಗಿ ಹೋಗುತ್ತಿತ್ತು, ಅಷ್ಟೆ. ಗೀಸರ್ ಎಂದರೆ ಬಾಯಿ ಮುಚ್ಚಿದ ಹಂಡೆ. ಅದರ ಬೆಂಕಿಯೂ ಕಾಣುವುದಿಲ್ಲ. ಆದ್ದರಿಂದಲೇ ಅದಕ್ಕೆ ಕಾವಲುಗಾರರನ್ನು ಇಟ್ಟಿದ್ದಾರೆ. ಮನೆಮನೆಗಳಲ್ಲಿ ನಾನು ಕಂಡ ಅತಿ ಅಪಾಯದ ರಿಪೇರಿಗಳು ಈ ಕಾವಲುಗಾರರನ್ನು ಸುಮ್ಮನಾಗಿಸಿದ ರಿಪೇರಿಗಳು.

ಮೊದಲ ಕಾವಲುಗಾರ ಥರ್ಮೋಸ್ಟಾಟ್. ನೀರು ನಾವು ಇಟ್ಟಷ್ಟು ಬಿಸಿಯಾದೊಡನೆ ಕರೆಂಟು ಕಡಿಯುವುದು ಅದರ ಕೆಲಸ. ಅದು ಕೆಟ್ಟು ಕಡಿಯದೇ ಹೋದರೆ ಎರಡನೆಯವನು ಥರ್ಮಲ್ ಕಟ್‌ಔಟ್. ಅವನೂ ಸೋತರೆ ಒತ್ತಡವನ್ನು ಹೊರಗೆ ಬಿಡಲು ಸೇಫ್ಟಿ ವಾಲ್ವ್ ಇದೆ. ಕೆಲವು ವರ್ಷಗಳ ಹಿಂದೆ ಒಂದು ಮನೆಗೆ ಹೋಗಿದ್ದೆ. ಕಟ್‌ಔಟ್ ಪದೇ ಪದೇ ಬಿದ್ದು ಕರೆಂಟು ಕಡಿಯುತ್ತದೆಂದು ಯಾರೋ ಅದರ ಎರಡು ತುದಿಗಳನ್ನು ತುಂಡು ವೈರಿನಿಂದ ಜೋಡಿಸಿದ್ದರು. ವಾಲ್ವ್ ಹನಿಯುತ್ತದೆಂದು ಅದರ ಬಾಯಿಗೆ ಬಿರಡೆ ಹೊಡೆದಿದ್ದರು. ಆ ಬಚ್ಚಲಿನಲ್ಲಿ ದಿನವೂ ಎರಡು ಸಣ್ಣ ಮಕ್ಕಳು ಸ್ನಾನ ಮಾಡುತ್ತಿದ್ದರು. ಥರ್ಮೋಸ್ಟಾಟ್ ಒಂದು ದಿನ ಕೈಕೊಟ್ಟಿದ್ದರೆ ಆ ಟ್ಯಾಂಕು ಸಿಡಿಯುವುದನ್ನು ತಡೆಯಲು ಅಲ್ಲಿ ಏನೂ ಇರಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಾಲ್ವ್ ಹನಿಯುವುದು ಬಹಳ ಸಲ ದೋಷವೇ ಅಲ್ಲ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು ಎರಡು ಲೋಟದಷ್ಟು ಹಿಗ್ಗುತ್ತದೆ. ಆ ನೀರಿಗೆ ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ವಾಲ್ವಿನಿಂದ ಹನಿಯಲೇಬೇಕು. ಅದಕ್ಕೊಂದು ಸಣ್ಣ ಪೈಪು ಕೊಟ್ಟು ಮೋರಿಗೆ ಬಿಡಿ. ಕಾಯಿಸದೇ ಇರುವಾಗಲೂ ನೀರು ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಬೇಕು.

ಇನ್ನು ನಮ್ಮ ಮಣ್ಣಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಲೆನಾಡು ಎಂದರೆ ಸದಾ ತೇವದ ನೆಲ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ ಎಂದು ಜನ ನಂಬಿದ್ದಾರೆ. ಜಂಬಿಟ್ಟಿಗೆಯ ನೆಲ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೇಗೆ ಒಣಗಿ ಗಟ್ಟಿಯಾಗುತ್ತದೆಂದು ಬಾವಿ ತೋಡಿದವರಿಗೆ ಗೊತ್ತು. ಹಾಗೆ ಒಣಗಿದ ಅರ್ಥಿಂಗ್ ಗುಂಡಿಯ ತಡೆ 100 ಓಮ್ ಆಯಿತೆಂದು ಇಟ್ಟುಕೊಳ್ಳಿ. ನೀರು ಕಾಯಿಸುವ ಕಾಯಿಲ್ ಸೀಳಿ ಗೀಸರಿನ ಮೈಗೆ ಕರೆಂಟು ಬಂದರೆ 230 ವೋಲ್ಟನ್ನು 100ರಿಂದ ಭಾಗಿಸಿ: ನೆಲಕ್ಕೆ ಇಳಿಯುವುದು 2.3 ಆಂಪಿಯರ್. ನಿಮ್ಮ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, 16 ಆಂಪಿಯರಿನದು. ಅದು ಬೀಳುವುದೇ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ, ನೀವು ಒದ್ದೆ ಕಾಲಿನಲ್ಲಿ ನಲ್ಲಿ ಮುಟ್ಟುತ್ತೀರಿ. ನೆಲಕ್ಕೆ ಸೋರುವ ಕರೆಂಟನ್ನು ಗುರುತಿಸಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಗೀಸರ್ ಕೊಳ್ಳಲು ದುಡ್ಡಿರುವ ಮನೆಯಲ್ಲಿ ಇದಿಲ್ಲದಿದ್ದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ.

ಮಳೆಗಾಲದಲ್ಲಿ ಬೇರೊಂದು ತೊಂದರೆ ಬರುತ್ತದೆ. ಬಹಳ ದಿನ ಬಳಸದ ಗೀಸರಿನ ಕಾಯಿಲ್ ಒಳಗಿನ ಪುಡಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಆಗ ಕೆಲವರು ಅರ್ಥ್ ವೈರನ್ನೇ ಕಿತ್ತು ಬಿಡುತ್ತಾರೆ. ಗೀಸರೇನೋ ಓಡುತ್ತದೆ, ಸೋರುವ ಕರೆಂಟು ಮಾತ್ರ ಅದರ ಮೈಯಲ್ಲೇ ನಿಲ್ಲುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ರಿಪೇರಿ ಮಾಡಿ ಹೋಗಿದ್ದರೆ ಇವತ್ತೇ ಬಿಚ್ಚಿಸಿ ನೋಡಿ.

ಈಗ ಕೈ ಹಾಕುವ ಕ್ರಮಕ್ಕೆ ಬರೋಣ. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಿ, ಪ್ಲಗ್ಗನ್ನೂ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಸಾಕೆಟ್ಟಿನಲ್ಲಿ ಫೇಸು, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದಾಗಲೂ ಕಾಯಿಲಿನಲ್ಲಿ ಕರೆಂಟು ಇರುತ್ತದೆ. ಲೈನಿನಲ್ಲಿ ಕರೆಂಟು ಹೋಗಿದೆಯೆಂದು ಆ ಹೊತ್ತಿನಲ್ಲಿ ಕೆಲಸ ಶುರು ಮಾಡಲೇಬಾರದು. ಮರ ಬಿದ್ದ ಲೈನನ್ನು ಸರಿಮಾಡಿ ಲೈನ್‌ಮನ್‌ಗಳು ಯಾವ ಗಳಿಗೆಯಲ್ಲಿ ಚಾಲೂ ಮಾಡುತ್ತಾರೆಂದು ನಮಗೆ ತಿಳಿಯುವುದಿಲ್ಲ. ಜೊತೆಗೆ ಈಗ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇದೆ, ಲೈನಿನಲ್ಲಿ ಕರೆಂಟು ಹೋದಾಗಲೂ ಮನೆಯ ವೈರಿನಲ್ಲಿ ಇರಬಹುದು.

ನೀರು ಬಿಸಿಯಾಗಲು ತಡವಾಗುತ್ತದೆ ಎಂಬುದು ಹೆಚ್ಚು ಕೇಳಿಬರುವ ದೂರು. 2,000 ವ್ಯಾಟಿನ ಕಾಯಿಲ್ 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ತರಲು ಸುಮಾರು 35 ನಿಮಿಷ ಬೇಕು. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಕಾಯಿಲ್ ಸರಿಯಾಗಿಯೇ ಇರುತ್ತದೆ. ಬಿಚ್ಚುವ ಮೊದಲು ವೋಲ್ಟೇಜ್ ಅಳೆಯಿರಿ. ನೀರು ಸ್ವಲ್ಪವೂ ಕಾಯದಿದ್ದರೆ ಮೊದಲು ಪ್ಲಗ್ಗು, ಸಾಕೆಟ್ಟು ನೋಡಿ. ಕಪ್ಪಾಗಿದ್ದರೆ, ಕರಗಿದ್ದರೆ ಎರಡನ್ನೂ ಬದಲಿಸಿ, ವೈರನ್ನೂ ಪರೀಕ್ಷಿಸಿ. ಆಮೇಲೆ ಕಾಯಿಲ್. ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. 2,000 ವ್ಯಾಟಿನ ಕಾಯಿಲಿನ ಎರಡು ತುದಿಗಳ ನಡುವೆ ಮಲ್ಟಿಮೀಟರು ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ತುದಿಗೂ ಟ್ಯಾಂಕಿನ ಮೈಗೂ ನಡುವೆ ಮೀಟರು ಏನಾದರೂ ಓದಿದರೆ ಆ ಕಾಯಿಲನ್ನು ಮತ್ತೆ ಬಳಸಬೇಡಿ.

ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲೆ ಇಡುವ ಅಗತ್ಯ ನಮ್ಮ ಡಿಸೆಂಬರ್ ಚಳಿಯಲ್ಲೂ ಇಲ್ಲ. ಅಷ್ಟು ಬಿಸಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿ.

ಕಾಯಿಲ್ ಬದಲಿಸುವುದಾದರೆ ಒಳಬರುವ ನೀರಿನ ವಾಲ್ವ್ ಮುಚ್ಚಿ, ಗಾಳಿ ಒಳಹೋಗಲು ಬಿಸಿನೀರಿನ ನಲ್ಲಿ ತೆರೆದು, ಒಳಬರುವ ಪೈಪನ್ನು ಗೀಸರಿನ ಬಳಿ ಬಿಚ್ಚಿ, ಟ್ಯಾಂಕು ಪೂರ್ತಿ ಬಸಿಯಲು ಬಿಡಿ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಬಳಸುವ ಮನೆಗಳಲ್ಲಿ ತಳದಲ್ಲಿ ಸಣ್ಣ ಕೆಸರು ಸಿಗುತ್ತದೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಸುಣ್ಣದ ಚಕ್ಕೆ ಸಿಗುತ್ತದೆ. ಹೇಗೂ ಬಿಚ್ಚಿರುತ್ತೀರಿ, ಮೆಗ್ನೀಸಿಯಮ್ ರಾಡನ್ನೂ ನೋಡಿ. ಟ್ಯಾಂಕು ತುಕ್ಕು ಹಿಡಿಯದಿರಲೆಂದು ತಾನು ಸವೆಯುವ ರಾಡು ಅದು. ಕಡ್ಡಿಯಷ್ಟು ಸಣಕಲಾಗಿದ್ದರೆ ಹೊಸದು ಹಾಕಿ. ವಾಷರ್ ಹಳೆಯದನ್ನೇ ಕೂರಿಸಬೇಡಿ. ಮತ್ತೆ ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಸದ್ದು ನಿಂತು ಧಾರೆ ಸಮನಾಗಿ ಬಂದ ಮೇಲೆಯೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ ಸುಟ್ಟುಹೋಗಲು ಬಹಳ ಹೊತ್ತು ಬೇಡ.

ಟ್ಯಾಂಕೇ ಸೋರುತ್ತಿದ್ದರೆ, ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ನೀವು ಕೈ ಹಾಕಬೇಡಿ. ಎಂಸಿಬಿ ಇಳಿಸಿ, ಲೈಸೆನ್ಸ್ ಇರುವ ಕೆಲಸಗಾರರನ್ನು ಕರೆಸಿ.

ಇಲ್ಲಿ ಮೇಜಿನ ಮೇಲೆ ಹಳೆಯ ಗೀಸರ್ ಒಂದನ್ನು ಬಿಚ್ಚಿ ಇಟ್ಟಿದ್ದೇನೆ. ಕಟ್‌ಔಟ್ ಯಾವುದು, ಥರ್ಮೋಸ್ಟಾಟ್ ಯಾವುದು, ಅರ್ಥ್ ವೈರು ಎಲ್ಲಿ ಕೂರುತ್ತದೆ ಎಂದು ತೋರಿಸುತ್ತೇನೆ. ಹೆಂಗಸರು ಮೊದಲು ಬನ್ನಿ. ರಿಪೇರಿಯವರು ಬಂದಾಗ ಮನೆಯಲ್ಲಿ ಇರುವವರು ಹೆಚ್ಚಾಗಿ ನೀವೇ.